ಸಪ್ಪೆಯಕ್ಕ ಮತ್ತು ಉಪ್ಪಿನ ಪ್ರವಚನ

ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಆಕೆಗೆ ಬೇರೆ ಹೆಸರಿತ್ತು. ಆದರೆ ಮೂರು ಮಹಡಿಯ ಆ ಕಟ್ಟಡದಲ್ಲಿ ಯಾರೂ ಆ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ರೋಗಿಗಳಿಗೆ, ನರ್ಸುಗಳಿಗೆ, ಗೇಟಿನ ಕಾವಲುಗಾರನಿಗೂ ಆಕೆ ಸಪ್ಪೆಯಕ್ಕ. ಹೃದಯದ ಕಾಯಿಲೆಯವರಿಗೆ ಉಪ್ಪಿಲ್ಲದ ಅಡುಗೆ ಮಾಡುವುದು ಆಕೆಯ ಕೆಲಸ. ಹೆಸರು ಇಟ್ಟವರು ಯಾರೆಂದು ಆಕೆಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಉಮೇದೂ ಇರಲಿಲ್ಲ. “ಕಹಿಯಕ್ಕ ಅನ್ನೋದಕ್ಕಿಂತ ವಾಸಿ ಬಿಡಿ” ಎನ್ನುತ್ತಿದ್ದಳು.

ನೆಲಮಹಡಿಯ ಹಿಂಭಾಗದಲ್ಲಿ ದೊಡ್ಡ ಅಡುಗೆಮನೆ. ಅದರ ಪಕ್ಕಕ್ಕೆ ಅಂಟಿಕೊಂಡಂತೆ ಒಂದು ಕೋಣೆ, ಅದಕ್ಕೆ ಪಥ್ಯದ ಕೋಣೆ ಎಂದು ಹೆಸರು. ಎರಡು ಒಲೆ, ಒಂದು ತೊಟ್ಟಿ, ಆಸ್ಪತ್ರೆಯ ಬೆಡ್‌ಶೀಟುಗಳನ್ನು ಒಣಹಾಕುವ ಅಂಗಳದ ಕಡೆಗೆ ತೆರೆಯುವ ಒಂದು ಕಿಟಕಿ. ಇಲ್ಲಿಯ ಪಾತ್ರೆಗಳ ಅಂಚಿಗೆ ಕೆಂಪು ಬಣ್ಣ ಬಳಿದಿದ್ದರು, ದೊಡ್ಡ ಅಡುಗೆಮನೆಯ ಪಾತ್ರೆಗಳೊಂದಿಗೆ ಬೆರೆಯಬಾರದೆಂದು. ಗೋಡೆಯ ಹಲಗೆಯ ಮೇಲೆ ಬೆಡ್ ನಂಬರುಗಳು. ಕೋಣೆಯೊಳಗೆ ಉಪ್ಪು ತರುವಂತಿಲ್ಲ ಎಂಬುದು ನಿಯಮ. ಹದಿನೆಂಟು ವರ್ಷದಲ್ಲಿ ಆಕೆ ಅದನ್ನು ಒಮ್ಮೆಯೂ ಮುರಿದಿರಲಿಲ್ಲ.

ಇದಕ್ಕೆ ಮುಂಚಿನ ಹನ್ನೊಂದು ವರ್ಷ ಆಕೆ ಕಳೆದದ್ದು ಉಪ್ಪಿನೊಳಗೇ. ಸೌತೆ, ನಿಂಬೆ, ಮೂಲಂಗಿಗಳನ್ನು ಉಪ್ಪುನೀರಿನಲ್ಲಿ ಹಾಕಿಟ್ಟು ಸೀಸೆಗೆ ತುಂಬುವ ಕಾರ್ಖಾನೆಯಲ್ಲಿ ಕೆಲಸ. ಎದೆಮಟ್ಟದ ತೊಟ್ಟಿಗಳೊಳಗೆ ಮೊಣಕೈವರೆಗೆ ಕೈ ಇಳಿಸಿ ಕಾಯಿಗಳನ್ನು ಮಗುಚಬೇಕಿತ್ತು. ರಬ್ಬರಿನ ಕೈಗವಸುಗಳು ವಾರಕ್ಕೇ ತೂತು ಬೀಳುತ್ತಿದ್ದವು. ಮೊದಲು ಬೆರಳಸಂದಿ ಬಿರಿಯಿತು, ಆಮೇಲೆ ಅಂಗೈ. ಕೊನೆಗೆ ಸೂಜಿ ಹಿಡಿಯಲೂ ಆಗದಂತಾದಾಗ ಚರ್ಮದ ಡಾಕ್ಟರು ನೋಡಿ, “ಆ ಕೆಲಸ ಬಿಟ್ಟುಬಿಡಮ್ಮ. ಇಲ್ಲಾಂದ್ರೆ ಈ ಕೈ ನಿನ್ನ ಮಾತು ಕೇಳಲ್ಲ” ಎಂದರು. ಆಸ್ಪತ್ರೆಯಲ್ಲಿ ಅಡುಗೆಯವರ ಜಾಗ ಖಾಲಿಯಿದೆಯೆಂದು ಹೇಳಿದವರೂ ಅವರೇ. ಉಪ್ಪಿನ ತೊಟ್ಟಿಯಿಂದ ಉಪ್ಪಿಲ್ಲದ ಕೋಣೆಗೆ ಬಂದದ್ದನ್ನು ಕೇಳಿದವರು ನಗುತ್ತಿದ್ದರು. ಆಕೆಗೆ ಅದರಲ್ಲಿ ನಗುವಂಥದ್ದೇನೂ ಕಂಡಿರಲಿಲ್ಲ. “ಅಲ್ಲಿ ಜಾಸ್ತಿ ಇತ್ತು, ಇಲ್ಲಿ ಇಲ್ಲ. ಅಷ್ಟೇ.”

ಕೆಲಸ ಮಾತ್ರ ಅಷ್ಟು ಸುಲಭವಾಗಿರಲಿಲ್ಲ. ಉಪ್ಪು ಹಾಕಿದರೆ ಎಲ್ಲ ತರಕಾರಿಯೂ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಉಪ್ಪಿಲ್ಲದಿದ್ದರೆ ಒಂದೊಂದನ್ನೂ ಬೇರೆಬೇರೆಯಾಗಿ ಒಲಿಸಿಕೊಳ್ಳಬೇಕು. ಟೊಮೆಟೊ ಬತ್ತಿ ಗಟ್ಟಿಯಾಗುವವರೆಗೆ ಕಾಯಬೇಕು, ಮೆಣಸನ್ನು ಎಣ್ಣೆಯಿಲ್ಲದೆ ಹುರಿದು ಆ ಗಳಿಗೆಯಲ್ಲೇ ಪುಡಿ ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬಿಸಿ ಆರುವ ಮೊದಲೇ ಬಡಿಸಬೇಕು, ಏಕೆಂದರೆ ಆರಿದ ಸಪ್ಪೆ ಊಟವನ್ನು ಯಾವ ಡಾಕ್ಟರೂ ತಿನ್ನಿಸಲಾರರು. ಹೀಗೆ ರುಚಿ ನೋಡಿ ನೋಡಿ ಆಕೆಯ ನಾಲಿಗೆ ಎಷ್ಟು ಸೂಕ್ಷ್ಮವಾಯಿತೆಂದರೆ, ಹಾಲಿನಲ್ಲೂ ಗಜ್ಜರಿಯಲ್ಲೂ ತಾನಾಗಿ ಇರುವ ಉಪ್ಪು ಆಕೆಗೆ ತಿಳಿಯುತ್ತಿತ್ತು. ಇದರ ಫಲ ಉಂಡವನು ಗಂಡ. ಅವನು ದರ್ಜಿ, ಬೀದಿ ಮೂಲೆಯಲ್ಲಿ ಒಂದೇ ಹೊಲಿಗೆ ಯಂತ್ರವಿದ್ದ ಅಂಗಡಿ. ಊಟಕ್ಕೆ ಕೂರುವಾಗ ತಟ್ಟೆಯ ಪಕ್ಕ ಉಪ್ಪಿನ ಸೀಸೆ ಇಟ್ಟುಕೊಂಡೇ ಕೂರುತ್ತಿದ್ದ. “ಆಸ್ಪತ್ರೇನ ಮನೆಗೆ ತರಬೇಡ ಕಣೇ, ನನಗಿನ್ನೂ ಏನೂ ಆಗಿಲ್ಲ” ಎಂದು ವರ್ಷಕ್ಕೆ ಹತ್ತು ಸಲವಾದರೂ ಹೇಳುತ್ತಿದ್ದ.

ಪ್ರವಚನಕಾರರು ಹೃದಯದ ವಾರ್ಡಿಗೆ ಬಂದು ಸೇರಿದ್ದು ಆಕೆಯ ಐವತ್ತನೆಯ ವರ್ಷದಲ್ಲಿ. ಅವರಿಗೆ ಎಪ್ಪತ್ತು ದಾಟಿತ್ತು. ನಲವತ್ತು ವರ್ಷ ಊರೂರು ತಿರುಗಿ ಧರ್ಮಗ್ರಂಥದ ಅರ್ಥ ಹೇಳಿದವರು. ಅದರಲ್ಲೂ ಉಪ್ಪಿನ ಮೇಲೆ ಅವರು ಮಾಡುತ್ತಿದ್ದ ಪ್ರವಚನ ಹೆಸರುವಾಸಿ. ಜನ ಅದನ್ನೇ ಬೇಕೆಂದು ಕೇಳಿ ಮಾಡಿಸುತ್ತಿದ್ದರು. ಈಗ ಎರಡೂ ಕಾಲು ಬಾತುಕೊಂಡಿದ್ದವು, ನಾಲ್ಕು ಮಾತಾಡಿದರೆ ಏದುಸಿರು. ಕಿಟಕಿ ಪಕ್ಕದ ಹದಿನಾಲ್ಕನೇ ಬೆಡ್ ಕೊಟ್ಟರು. ಮೊದಲ ದಿನ ಕಳಿಸಿದ ಊಟ ಹಾಗೇ ವಾಪಸು ಬಂತು. ಲೋಟದ ಕೆಳಗೆ ಒಂದು ಚೀಟಿ, ದುಂಡನೆಯ ಅಕ್ಷರ: “ಉಪ್ಪಿಲ್ಲದ ಕಾಣಿಕೆ ದೇವರಿಗೇ ಸಲ್ಲುವುದಿಲ್ಲ. ನಾನು ಯಾವ ಲೆಕ್ಕ?”

ಸಪ್ಪೆಯಕ್ಕ ಚೀಟಿಯನ್ನು ಒಯ್ದು ಊಟದ ಪಟ್ಟಿ ನೋಡಿಕೊಳ್ಳುವ ಡಯಟ್ ಮೇಡಂಗೆ ತೋರಿಸಿದಳು. ಅವರು ಎರಡು ಸಲ ಓದಿ, “ಇವರಿಗೆ ಜ್ವರಗಿರ ಇಲ್ಲ ತಾನೇ?” ಎಂದರು.

ಮರುದಿನವೂ ಊಟ ಮರಳಿತು, ಇನ್ನೊಂದು ಚೀಟಿಯ ಜೊತೆಗೆ. ಅಡುಗೆಯವರು ವಾರ್ಡಿಗೆ ಹೋಗುವ ಪದ್ಧತಿಯಿರಲಿಲ್ಲ. ಮೂರನೆಯ ದಿನ ಆಕೆ ಏಪ್ರನ್ ಬಿಚ್ಚಿಟ್ಟು ಮೆಟ್ಟಿಲು ಹತ್ತಿದಳು.

“ಹದಿನಾಲ್ಕನೇ ಬೆಡ್ ನೀವೇನಾ?”

“ಬೆಡ್ಡು ಹದಿನಾಲ್ಕು. ನಾನು ಅದರ ಮೇಲೆ ಮಲಗಿರೋನು.”

ಸ್ಟೂಲಿನ ಮೇಲೆ ಕೂತಿದ್ದ ಅವರ ಹೆಂಡತಿ ತಲೆಯೆತ್ತಿ ನೋಡಿದರು. ಸಣ್ಣ ಮೈಕಟ್ಟಿನ, ಮಾತು ಕಡಿಮೆಯ ಹೆಂಗಸು. ಮಡಿಲಲ್ಲಿ ಅರ್ಧ ಹೆಣೆದ ಉಣ್ಣೆಯ ಕಾಲುಚೀಲ.

“ನಾನು ಕೆಳಗಡೆ ಅಡುಗೆಯವಳು. ಊಟ ಯಾಕೆ ವಾಪಸ್ ಕಳಿಸ್ತೀರಾ? ಕೆಟ್ಟಿತ್ತಾ?”

“ಕೆಡೋದಕ್ಕೂ ಒಂದು ರುಚಿ ಬೇಕಲ್ಲ ತಾಯಿ” ಎಂದು ಅವರು ದಿಂಬಿಗೆ ಒರಗಿದರು. ಆಮೇಲೆ ಉಸಿರು ಸಾಲದಿದ್ದರೂ ಪ್ರವಚನವೇ ಶುರುವಾಯಿತು. “ಹಳೇ ಕಾಲದಲ್ಲಿ ಎಲ್ಲಾ ಕೊಳೀತಿತ್ತು. ಮೀನು, ಮಾಂಸ, ಕಾಯಿ, ಎಲ್ಲಾ. ಕೊಳೀದ ಹಾಗೆ ಕಾಪಾಡ್ತಿದ್ದದ್ದು ಒಂದೇ, ಉಪ್ಪು. ಅದಕ್ಕೇ ಗ್ರಂಥದಲ್ಲಿ ಯಾವತ್ತೂ ಮುರಿಯಬಾರದ ಮಾತಿಗೆ ಉಪ್ಪಿನ ಒಪ್ಪಂದ ಅಂತಾರೆ. ಕಾಣಿಕೆ ಕೊಡೋವಾಗ ಉಪ್ಪು ಬಿಡಬಾರದು ಅಂತ ಕಟ್ಟಳೆ. ಕೆಟ್ಟ ನೀರಿನ ಬುಗ್ಗೆಗೆ ಉಪ್ಪು ಹಾಕಿ ಸರಿ ಮಾಡಿದ ಕಥೆ ಇದೆ. ಅಂಥ ವಸ್ತುನ ನೀವು ವಿಷ ಅಂತ ಬಾಗಿಲಾಚೆ ಇಡ್ತೀರಲ್ಲ.”

ಸಪ್ಪೆಯಕ್ಕ ಪೂರ್ತಿ ಕೇಳಿದಳು. ಆಮೇಲೆ ಎರಡೂ ಅಂಗೈ ಮುಂದೆ ಚಾಚಿದಳು. ಗಾಯ ಮಾಗಿ ಹದಿನೆಂಟು ವರ್ಷವಾಗಿತ್ತು, ಆದರೂ ಚರ್ಮ ಬಿರುಕುಬಿಟ್ಟ ಕೆರೆಯಂಗಳದ ಹಾಗಿತ್ತು. “ಕೊಳೆಯಲ್ಲ ಅನ್ನೋದು ನಿಜ. ಹನ್ನೊಂದು ವರ್ಷ ಉಪ್ಪಿನ ತೊಟ್ಟಿ ಮುಂದೆ ನಿಂತು ನೋಡಿದೀನಿ. ಒಳಗಿರೋ ಸೌತೆಕಾಯಿ ಚೆನ್ನಾಗೇ ಇರತ್ತೆ. ಅದನ್ನ ಮಗುಚೋರ ಕೈ ಹೀಗಾಗತ್ತೆ.”

ಅವರು ಆ ಕೈಗಳನ್ನು ಸ್ವಲ್ಪ ಹೊತ್ತು ನೋಡಿದರು. “ಅದೂ ಇದೆ ಗ್ರಂಥದಲ್ಲಿ” ಎಂದರು ದನಿ ತಗ್ಗಿಸಿ. “ಗೆದ್ದ ಊರನ್ನ ಕೆಡವಿ, ಅದರ ಮೇಲೆ ಉಪ್ಪು ಎರಚಿದವನ ಕಥೆ. ಅಲ್ಲಿ ಇನ್ನು ಯಾವತ್ತೂ ಏನೂ ಹುಟ್ಟಬಾರದು ಅಂತ.”

“ಹಾಗಾದ್ರೆ ಗ್ರಂಥಾನೇ ಎರಡು ಮಾತಾಡತ್ತಾ?”

“ಉಪ್ಪಿಗೇ ಎರಡು ಗುಣ ಇದೆಯಲ್ಲಮ್ಮ. ಗ್ರಂಥ ಎರಡನ್ನೂ ಬಿಡಲಿಲ್ಲ.”

“ನೀವು ಜನಕ್ಕೆ ಎರಡೂ ಹೇಳ್ತಿದ್ರಾ?”

ಪ್ರವಚನಕಾರರು ನೀರಿನ ಲೋಟಕ್ಕೆ ಕೈ ಚಾಚಿದರು. ಅವರ ಹೆಂಡತಿ ಹೆಣಿಗೆ ಕಡ್ಡಿಯನ್ನು ಬದಲಿಸಿಕೊಂಡು, “ಎರಡನೇದಕ್ಕೆ ಬರೋ ಹೊತ್ತಿಗೆ ಟೈಮ್ ಆಗಿರ್ತಿತ್ತು” ಎಂದರು. ಪಕ್ಕದ ಬೆಡ್ಡಿನವನು ನಕ್ಕುಬಿಟ್ಟ.

ಅಂದು ಸಪ್ಪೆಯಕ್ಕ ಹಿಂದಿರುಗುವ ಮುನ್ನ ಅವರಿಂದ ಒಂದು ಮಾತು ತೆಗೆದುಕೊಂಡಳು: ತಾನು ಕಳಿಸಿದ್ದರಲ್ಲಿ ಅರ್ಧವನ್ನಾದರೂ, ಕಳಿಸಿದ ಹಾಗೆಯೇ ತಿನ್ನಬೇಕು. “ಕೊಟ್ಟೆ” ಎಂದರು ಅವರು, ಕೈಯೆತ್ತಿ.

ಆಮೇಲೆ ಒಂಬತ್ತು ದಿನ ಹದಿನಾಲ್ಕನೇ ಬೆಡ್ಡಿನ ತಟ್ಟೆ ನೆಕ್ಕಿದಷ್ಟು ಚೊಕ್ಕಟವಾಗಿ ಬಂತು. ಸಪ್ಪೆಯಕ್ಕನಿಗೆ ಒಳಗೊಳಗೇ ಹಿಗ್ಗು. ಆ ತಟ್ಟೆಗೆ ಮೆಣಸು ಬೇರೆಯಾಗಿ ಹುರಿಯತೊಡಗಿದಳು.

ಹತ್ತನೆಯ ದಿನ ಡಯಟ್ ಮೇಡಂ ಕರೆಸಿದರು. ಮೇಜಿನ ಮೇಲೆ ಹದಿನಾಲ್ಕನೇ ಬೆಡ್ಡಿನ ತೂಕದ ಚಾರ್ಟು ಇತ್ತು. ಹೃದಯದ ವಾರ್ಡಿನಲ್ಲಿ ಪ್ರತಿ ಬೆಳಗ್ಗೆ ರೋಗಿಗಳನ್ನು ತೂಗುತ್ತಾರೆ. ಉಪ್ಪು ಹೊಟ್ಟೆಗೆ ಹೋದರೆ ಮೈಯಲ್ಲಿ ನೀರು ನಿಲ್ಲುತ್ತದೆ, ನೀರು ನಿಂತರೆ ತೂಕ ಏರುತ್ತದೆ. ಪ್ರವಚನಕಾರರ ತೂಕ ಮೂರು ಕಿಲೋ ಏರಿತ್ತು. ಹಿಂದಿನ ದಿನ ಅವರಿಗೆ ಆಮ್ಲಜನಕ ಕೊಡಬೇಕಾಗಿ ಬಂದಿತ್ತು.

“ಊಟದಲ್ಲೇ ಉಪ್ಪು ಬಂದಿರಬೇಕು ಅಂತ ಡಾಕ್ಟರು ಹೇಳ್ತಿದಾರೆ.”

“ನನ್ನ ಕೋಣೇಲಿ ಉಪ್ಪೇ ಇಲ್ಲವಲ್ಲ ಮೇಡಂ.”

“ಗೊತ್ತು. ಆದ್ರೆ ಅವರ ಮೈಯಲ್ಲಿ ಇದೆಯಲ್ಲ. ಆಕಾಶದಿಂದ ಉದುರಿತಾ?” ಚಾರ್ಟನ್ನು ಪಕ್ಕಕ್ಕೆ ಸರಿಸಿ ಅವರೇ ಹೇಳಿದರು: “ನೀವು ವಾರ್ಡಿಗೆ ಹೋಗಿ ಅವರ ಹತ್ತಿರ ಮಾತಾಡಿದ್ರಂತೆ. ಪಾಪ ಅನ್ನಿಸಿ ಒಂದು ಚಿಟಿಕೆ ಹಾಕಿದ್ರೆ ಈಗಲೇ ಹೇಳಿಬಿಡಿ.”

ಇಲ್ಲವೆಂದಳು. ವಿಚಾರಣೆ ಮುಗಿಯುವವರೆಗೆ ಪಥ್ಯದ ಕೋಣೆಯ ಬೀಗದ ಕೈ ಬೇರೆಯವರಿಗೆ ಹೋಯಿತು. ಆಕೆಯನ್ನು ದೊಡ್ಡ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಲು ಕೂರಿಸಿದರು. ಸಂಜೆಯೊಳಗೆ ಸುದ್ದಿ ಉಪ್ಪುಖಾರ ಹಚ್ಚಿಕೊಂಡು ಮೂರೂ ಮಹಡಿ ಸುತ್ತಿತು. ಸಪ್ಪೆಯಕ್ಕ ರೋಗಿಗಳಿಗೆ ಕದ್ದು ಉಪ್ಪು ಕೊಡುತ್ತಾಳಂತೆ. ಒಬ್ಬರು ಹೋಗೇಬಿಟ್ಟರಂತೆ. ಯಾರೂ ಹೋಗಿರಲಿಲ್ಲ.

ಕೂತು ಈರುಳ್ಳಿ ಹೆಚ್ಚುವಾಗ ಆಕೆಗೆ ಒಂದು ಸಂಗತಿ ಹೊಳೆಯಿತು. ಹದಿನೆಂಟು ವರ್ಷದಲ್ಲಿ ಪಥ್ಯದ ತಟ್ಟೆ ಪೂರ್ತಿ ಖಾಲಿಯಾಗಿ ಬಂದದ್ದು ಬಹಳ ಕಡಿಮೆ. ಎಷ್ಟೇ ಚೆನ್ನಾಗಿ ಮಾಡಿದರೂ ಎರಡು ತುತ್ತು ಉಳಿಯುತ್ತಿತ್ತು. ಒಂಬತ್ತು ದಿನ ಒಂದೇ ಸಮನೆ ಚೊಕ್ಕಟ ತಟ್ಟೆ ಬಂದಾಗ ಹಿಗ್ಗುವುದಲ್ಲ, ಅನುಮಾನಪಡಬೇಕಿತ್ತು. ಆದರೆ ಇದನ್ನು ಯಾರಿಗೆ ಹೇಳುವುದು? ತಟ್ಟೆ ಖಾಲಿಯಾಗಿತ್ತು ಎಂಬುದು ಸಾಕ್ಷಿಯೇ?

ಬೀಗದ ಕೈ ಹೋದದ್ದನ್ನು ಮನೆಯಲ್ಲಿ ಒಂದೇ ಮಾತಿನಲ್ಲಿ ಹೇಳಿದಳು. ಆ ನಾಲ್ಕು ದಿನ ಮನೆಯ ಅಡುಗೆಗೆ ಉಪ್ಪು ಹದವಾಗಿ ಬಿದ್ದಿತ್ತು. ದರ್ಜಿ ಮೊದಲ ದಿನ ಸೀಸೆ ಎತ್ತಿಕೊಂಡವನು ರುಚಿ ನೋಡಿ ಕೆಳಗಿಟ್ಟ. ಎರಡನೆಯ ದಿನವೂ ಹಾಗೇ ಆದಾಗ ಇದು ಒಳ್ಳೆಯ ಲಕ್ಷಣವಲ್ಲ ಎಂದುಕೊಂಡ. “ನಾಳೆ ನಾನು ಬಂದು ಮಾತಾಡಲಾ?” ಎಂದು ಕೇಳಿದ. “ಬೇಡ. ನೀವು ಬಂದ್ರೆ ಜಗಳ ಆಗತ್ತೆ. ನಂದು ಜಗಳ ಅಲ್ಲ” ಎಂದಳು.

ನಾಲ್ಕನೆಯ ದಿನ ಮಧ್ಯಾಹ್ನ ದೊಡ್ಡ ಅಡುಗೆಮನೆಯ ಹಿಂಬಾಗಿಲಲ್ಲಿ ಪ್ರವಚನಕಾರರ ಹೆಂಡತಿ ಬಂದು ನಿಂತರು. ಒಳಗೆ ಬರಬಹುದೋ ಬಾರದೋ ಎಂದು ಹೊಸ್ತಿಲಲ್ಲೇ ತಡೆದಿದ್ದರು. ಸಪ್ಪೆಯಕ್ಕ ಕೈ ಒರೆಸಿಕೊಂಡು ಹೊರಗೆ ಹೋದಳು. ಬೆಡ್‌ಶೀಟುಗಳ ಸಾಲಿನ ಹಿಂದೆ ನಿಂತು ಆ ಹೆಂಗಸು ಚೀಲದಿಂದ ಒಂದು ಮಾತ್ರೆ ಡಬ್ಬಿ ತೆಗೆದುಕೊಟ್ಟರು. ಲೇಬಲ್ಲಿನ ಮೇಲೆ ಗಂಡನ ಔಷಧಿಯ ಹೆಸರಿತ್ತು. ಮುಚ್ಚಳ ತೆರೆದರೆ ಒಳಗೆ ಅರ್ಧದಷ್ಟು ಪುಡಿಯುಪ್ಪು.

“ನಾನೇ ತಂದುಕೊಡ್ತಿದ್ದೆ. ಅವರು ಕೇಳಿದ್ರು” ಎಂದರು. “ನಿಮ್ಮ ಮೇಲೆ ಬಂದಿದೆ ಅಂತ ನಿನ್ನೆ ಗೊತ್ತಾಯ್ತು. ಹೇಳಿ ಅಂದೆ. ಗೋಡೆ ಕಡೆ ತಿರುಗಿ ಮಲಗಿದ್ರು. ನಲವತ್ತು ವರ್ಷ ಮಾತಾಡಿದಾರೆ, ಆದ್ರೆ ಇಂಥದ್ದನ್ನ ಹೇಳೋಕೆ ಅವರಿಗೆ ಬರಲ್ಲ. ಡಬ್ಬಿ ನೀವೇ ತಗೊಂಡು ಹೋಗಿ ಮೇಡಂಗೆ ಕೊಟ್ಟುಬಿಡಿ.”

ಕೊಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ತನ್ನ ಮೇಲಿನ ಆರೋಪ ಹೋಗುತ್ತಿತ್ತು, ಈ ಹೆಂಗಸನ್ನು ವಾರ್ಡಿನೊಳಗೆ ಬಿಡುವುದು ನಿಲ್ಲುತ್ತಿತ್ತು. ಸಪ್ಪೆಯಕ್ಕ ಡಬ್ಬಿಯನ್ನು ಹಿಡಿದುಕೊಂಡು ಡಯಟ್ ಮೇಡಂ ಕೋಣೆಯ ಮುಂದಿನಿಂದಲೇ ಹಾದು ಮೆಟ್ಟಿಲು ಹತ್ತಿದಳು.

ಪ್ರವಚನಕಾರರ ಮೂಗಿಗೆ ಆಮ್ಲಜನಕದ ಕೊಳವೆಯಿತ್ತು. ಆಕೆಯನ್ನೂ ಆಕೆಯ ಕೈಯಲ್ಲಿದ್ದುದನ್ನೂ ನೋಡಿ ಕಿಟಕಿಯ ಕಡೆ ತಿರುಗಿದರು.

“ಇದು ನಿಮ್ಮ ಡಬ್ಬಿ ಅಲ್ವಾ?”

“ಹೌದು.”

“ನಾನು ಯಾರಿಗೂ ಹೇಳಲ್ಲ. ನಿಮ್ಮ ಮನೆಯವರೂ ಹೇಳಲ್ಲ. ಇದು ಇಲ್ಲೇ ಇರತ್ತೆ. ಬೆಳಗ್ಗೆ ಡಾಕ್ಟರು ಬಂದಾಗ ನೀವುಂಟು, ಇದುಂಟು.” ಡಬ್ಬಿಯನ್ನು ನೀರಿನ ಲೋಟದ ಪಕ್ಕಕ್ಕೆ ಇಟ್ಟಳು.

ಅವರು ಡಬ್ಬಿಯ ಕಡೆ ತಿರುಗಿದರು. “ಮೊದಲ ದಿನ ಹಠ ಹಿಡಿದು ಪೂರ್ತಿ ಹಾಗೇ ತಿಂದೆ ಕಣಮ್ಮ. ಆಣೆಗೂ ತಿಂದೆ. ಎರಡನೇ ದಿನಾನೂ. ಆಮೇಲೆ ಗಂಟಲಲ್ಲಿ ಇಳೀಲಿಲ್ಲ. ಒಂದು ಚಿಟಿಕೆ ತಾನೇ ಅಂದುಕೊಂಡೆ. ನಿನಗೆ ಕೋಪ ಬಂದಿಲ್ವಾ?”

“ಬಂದಿದೆ. ನಾಲ್ಕು ಮೂಟೆ ಈರುಳ್ಳಿ ಹೆಚ್ಚಿದೀನಿ.”

ಮರುದಿನ ಬೆಳಗ್ಗೆ ನಡೆದದ್ದನ್ನು ಆಕೆಗೆ ತಿಳಿಸಿದವಳು ವಾರ್ಡಿನ ನರ್ಸು. ಡಾಕ್ಟರು, ಅವರ ಹಿಂದೆ ನಾಲ್ಕು ಜನ ಕಿರಿಯ ಡಾಕ್ಟರುಗಳು, ಸಿಸ್ಟರು ಎಲ್ಲ ಹದಿನಾಲ್ಕನೇ ಬೆಡ್ಡಿನ ಬಳಿ ಬಂದಾಗ ಪ್ರವಚನಕಾರರು ಎದ್ದು ಕೂತರು. ವೇದಿಕೆಯ ಮೇಲೆ ಮಾಡುವ ಹಾಗೆ ಗಂಟಲು ಸರಿಪಡಿಸಿಕೊಂಡರು. ಇನ್ನೇನು ಅರ್ಧ ಗಂಟೆ ಎಂದು ಎಲ್ಲರೂ ಅಂದುಕೊಂಡರು. ಅವರು ಹೇಳಿದ್ದು ನಾಲ್ಕೇ ವಾಕ್ಯ. ಉಪ್ಪು ನಾನು ತರಿಸಿಕೊಂಡೆ. ಅಡುಗೆಯಾಕೆಯ ತಪ್ಪಿಲ್ಲ. ಆಕೆಯ ಮೇಲೆ ಬಂತೆಂದು ತಿಳಿದ ಮೇಲೂ ಒಂದು ದಿನ ಸುಮ್ಮನಿದ್ದೆ. ಡಬ್ಬಿ ಇಲ್ಲಿದೆ.

ಹನ್ನೊಂದು ಗಂಟೆಗೆ ಡಯಟ್ ಮೇಡಂ ದೊಡ್ಡ ಅಡುಗೆಮನೆಗೆ ಬಂದು ಬೀಗದ ಕೈ ಚಾಚಿದರು. “ತಗೊಳ್ಳಿ. ಇವತ್ತು ಇಪ್ಪತ್ತಾರು ಊಟ.” ಸಪ್ಪೆಯಕ್ಕ ಬೇರೆ ಏನನ್ನೂ ನಿರೀಕ್ಷಿಸಿರಲಿಲ್ಲ. ಅರ್ಧ ಹೆಚ್ಚಿದ ಈರುಳ್ಳಿಯನ್ನು ಬಿಟ್ಟು ಎದ್ದುಹೋದಳು.

ಅಂದಿನಿಂದ ಹದಿನಾಲ್ಕನೇ ಬೆಡ್ಡಿನ ತಟ್ಟೆಯಲ್ಲಿ ದಿನವೂ ಸ್ವಲ್ಪ ಉಳಿಯತೊಡಗಿತು. ತೂಕ ಇಳಿಯಿತು. ಮೂರು ವಾರದಲ್ಲಿ ಕಾಲಿನ ಬಾವು ಇಂಗಿ ಅವರ ಚಪ್ಪಲಿ ಅವರಿಗೇ ಸಡಿಲವಾಯಿತು. ಆ ಮೂರು ವಾರವೂ ಅವರ ಹೆಂಡತಿ ಮಧ್ಯಾಹ್ನ ಪಥ್ಯದ ಕೋಣೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು ಸಪ್ಪೆ ಅಡುಗೆ ಕಲಿತರು. ಬರೆದುಕೊಳ್ಳುತ್ತಿರಲಿಲ್ಲ, ನೋಡುತ್ತಿದ್ದರು. ಒಂದೊಂದು ಸಲ ಎದ್ದುಬಂದು ಪಾತ್ರೆಯ ಹಬೆಗೆ ಮುಖ ಒಡ್ಡಿ ವಾಸನೆ ಹಿಡಿಯುತ್ತಿದ್ದರು.

ಮನೆಗೆ ಹೋದ ನಾಲ್ಕು ತಿಂಗಳಿಗೆ ಪ್ರವಚನಕಾರರು ಒಂದು ಪ್ರವಚನ ಇಟ್ಟುಕೊಂಡರು. ಕಾಗದ-ಪೆನ್ನಿನ ಅಂಗಡಿಯೊಂದರ ಮೇಲ್ಮಹಡಿ, ಮೂವತ್ತು ಕುರ್ಚಿ. ಸಪ್ಪೆಯಕ್ಕ ಗಂಡನೊಂದಿಗೆ ಹೋಗಿ ಎರಡನೇ ಸಾಲಿನಲ್ಲಿ ಕೂತಳು. ಅವರು ಕೂತೇ ಮಾತಾಡಿದರು. ಬಂದವರಲ್ಲಿ ಬಹುಪಾಲು ಜನ ಉಪ್ಪಿನ ಪ್ರವಚನ ಮೊದಲೇ ಕೇಳಿದವರು, ಮುಂದಿನ ಮಾತು ಏನೆಂದು ಅವರಿಗೆ ಬಾಯಿಪಾಠ. ಅರ್ಧದವರೆಗೆ ಅದು ಹಾಗೆಯೇ ಸಾಗಿತು. ಆಮೇಲೆ ಅವರು ಎರಚಿದ ಉಪ್ಪಿನ ಕಥೆಗೆ ಬಂದರು, ಬೆಳೆ ಬಾರದ ನೆಲಕ್ಕೆ ಬಂದರು. ಅಲ್ಲಿಂದ ಮಾತ್ರೆ ಡಬ್ಬಿಗೆ.

“ಉಪ್ಪು ಒಂದು ಗುರುತು. ಕೆಡದ ಮಾತಿನ ಗುರುತು” ಎಂದರು. “ಒಬ್ಬ ರೋಗಿ ಅಡುಗೆಯಾಕೆಗೆ ಮಾತು ಕೊಟ್ಟ. ಗುರುತನ್ನ ನಾಲಿಗೆ ಮೇಲೆ ಇಟ್ಟುಕೊಂಡ, ಮಾತನ್ನ ಬಿಟ್ಟ. ಉಪ್ಪನ್ನ ಬಾಗಿಲೊಳಗೆ ಬಿಡದೇ ಇದ್ದ ಆ ಹೆಂಗಸಿನ ಹತ್ತಿರ ಮಾತು ಕೆಡದೆ ಉಳೀತು.” ಡಬ್ಬಿಯ ಲೇಬಲ್ಲು, ಚೊಕ್ಕಟ ತಟ್ಟೆ, ತೂಕದ ಚಾರ್ಟು ಎಲ್ಲವನ್ನೂ ಹೇಳಿದರು. ದೃಷ್ಟಾಂತಕ್ಕೆ ಕಟ್ಟಿದ ಕಥೆಯೆಂದು ತಿಳಿದು ಜನ ಚೆನ್ನಾಗಿ ನಕ್ಕರು. ಅವರು ನಗು ನಿಲ್ಲುವವರೆಗೆ ಕಾದು, “ಇದು ನಡೆದದ್ದು. ಆ ರೋಗಿ ನಾನು” ಎಂದರು. ಸಪ್ಪೆಯಕ್ಕನಿಗೆ ಕಿವಿ ಬಿಸಿಯಾಯಿತು. ಎದ್ದುಹೋಗೋಣವೆನ್ನಿಸಿತು, ಆದರೆ ಸಾಲಿನ ಮಧ್ಯದಲ್ಲಿ ಕೂತಿದ್ದಳು.

ದಾರಿಯಲ್ಲಿ ದರ್ಜಿ ಕೇಳಿದ: “ಡಬ್ಬಿ ವಿಷಯ ನೀನು ನನಗೆ ಹೇಳಲೇ ಇಲ್ಲವಲ್ಲ?”

“ಬೀಗದ ಕೈ ವಾಪಸ್ ಬಂತು ಅಂತ ಹೇಳಿದ್ನಲ್ಲ.”

“ಪ್ರವಚನ ಹೇಗಿತ್ತು?”

“ಚೆನ್ನಾಗಿತ್ತು. ಸ್ವಲ್ಪ ಉದ್ದ ಆಯ್ತು.”

ಪ್ರವಚನಕಾರರು ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದರು. ಒಂದು ಮಧ್ಯಾಹ್ನ ಊಟ ಮುಗಿಸಿ ಕುರ್ಚಿಯಲ್ಲಿ ಕೂತಲ್ಲೇ ಹೋದರು. ಸುದ್ದಿ ಬಂದಾಗ ಸಪ್ಪೆಯಕ್ಕ ಇಪ್ಪತ್ತೆಂಟು ಊಟ ಬಡಿಸುತ್ತಿದ್ದಳು. ಬಡಿಸಿ ಮುಗಿಸಿ, ಪಾತ್ರೆ ತೊಳೆದಿಟ್ಟು, ಅವರ ಮನೆಗೆ ಹೋಗಿಬಂದಳು.

ತಿಂಗಳಾದ ಮೇಲೆ ಅವರ ಹೆಂಡತಿ ಆಸ್ಪತ್ರೆಗೆ ಬಂದರು. ಇನ್ನು ಪಥ್ಯ ಬೇಡವೆಂದು ತನಗೆ ಉಪ್ಪು ಹಾಕಿ ಅಡುಗೆ ಮಾಡಿಕೊಂಡರಂತೆ. “ಬಾಯಿಗೆ ಇಡಕ್ಕಾಗಲಿಲ್ಲ. ಅಷ್ಟನ್ನೂ ಚೆಲ್ಲಿದೆ” ಎಂದರು. ಹಾಗೆಂದು ನಗಲು ಹೋಗಿ ಅತ್ತರು. ಸಪ್ಪೆಯಕ್ಕ ಒಂದು ತಟ್ಟೆ ಬಡಿಸಿಕೊಟ್ಟಳು. ಅಂದಿನಿಂದ ವಾರಕ್ಕೆ ಎರಡು ಮಧ್ಯಾಹ್ನ ಅವರು ಹೃದಯದ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು, ಮನೆಗೆ ಹೊರಡುವ ರೋಗಿಗಳ ಹೆಂಡತಿಯರಿಗೆ, ಗಂಡಂದಿರಿಗೆ, ಸೊಸೆಯಂದಿರಿಗೆ ಸಪ್ಪೆ ಅಡುಗೆ ಹೇಳಿಕೊಡತೊಡಗಿದರು. ಗಂಡನಿಗಿಂತ ಚೆನ್ನಾಗಿ ಹೇಳುತ್ತಿದ್ದರೆಂದು, ಇಬ್ಬರನ್ನೂ ಕೇಳಿದ್ದ ನರ್ಸುಗಳು ಹೇಳುತ್ತಾರೆ. ಅಲ್ಲಿಂದ ಐದು ವರ್ಷಕ್ಕೆ ಸಪ್ಪೆಯಕ್ಕ ಹೊಸಬರೊಬ್ಬರಿಗೆ ಕೋಣೆ ಒಪ್ಪಿಸಿ ಕೆಲಸದಿಂದ ಬಿಡುಗಡೆಯಾದಳು. ಆದರೂ ಆ ಎರಡು ಮಧ್ಯಾಹ್ನ ಬೆಂಚಿನ ಇನ್ನೊಂದು ತುದಿಯಲ್ಲಿ ಬಂದು ಕೂರುತ್ತಾಳೆ. ಎಲೆಕೋಸು ಬೇಯಿಸುವಾಗ ಮುಚ್ಚಳ ಮುಚ್ಚಬೇಕೋ ಬೇಡವೋ ಎಂಬ ವಿಷಯದಲ್ಲಿ ಇಬ್ಬರಿಗೂ ಇನ್ನೂ ಒಮ್ಮತವಾಗಿಲ್ಲ.